ಹಾಸನದ ಮೈದಾನ, ಒಂದು ಖೋ ಖೋ ತಂಡ, ಒಂದು ಪ್ರೀತಿ: ಕನ್ನಡದಲ್ಲೇ ವಿಶುವಲ್ ನಾವೆಲ್ ಆಟ ಮಾಡುವ ಸಮಗ್ರ ಮಾರ್ಗದರ್ಶಿ

ಕಾಲೇಜಿನಲ್ಲಿದ್ದಾಗ ನಾನು ಖೋ ಖೋ ಆಡುತ್ತಿದ್ದೆ. ಸಂಜೆ ಪ್ರಾಕ್ಟೀಸ್ ಮುಗಿಸಿ, ಮೊಣಕಾಲಿನ ಮಣ್ಣು ಒರೆಸಿಕೊಂಡು, ಸಾಲಗಾಮೆ ರಸ್ತೆಯಲ್ಲಿ ಗುಂಪಾಗಿ ನಡೆದು ಬರುವಷ್ಟರಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾರು ಯಾರನ್ನು ಕಂಡರೆ ನಾಚುತ್ತಾರೆ ಅನ್ನುವುದೆಲ್ಲ ಚರ್ಚೆಯಾಗಿ ಮುಗಿದಿರುತ್ತಿತ್ತು. ಎಷ್ಟೋ ವರ್ಷ ಆದಮೇಲೆ ಜಪಾನಿನ ವಿಶುವಲ್ ನಾವೆಲ್ ಆಟಗಳನ್ನು ಆಡಿದಾಗ, ಇದು ನಮ್ಮ ಕಥೆಯೇ ಅಲ್ವಾ, ಇದನ್ನು ಕನ್ನಡದಲ್ಲಿ ಯಾಕೆ ಮಾಡಬಾರದು ಅನಿಸಿತು. ಮಾಡಿದೆ. ಆರು ತಿಂಗಳು ಹಿಡಿಯಿತು. ಆ ದಾರಿಯಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ವಿಶುವಲ್ ನಾವೆಲ್ ಅಂದರೆ ಪರದೆಯ ಮೇಲೆ ಓದುತ್ತಾ ಹೋಗುವ ಕಥೆ. ಹಿಂದೆ ಒಂದು ಚಿತ್ರ, ಮುಂದೆ ಪಾತ್ರದ ಆಕೃತಿ, ಕೆಳಗೆ ಮಾತು. ಆಗಾಗ ಎರಡು ಮೂರು ಆಯ್ಕೆ ಬರುತ್ತವೆ, ನೀವು ಆರಿಸಿದ್ದರ ಮೇಲೆ ಕಥೆ ತಿರುಗುತ್ತದೆ. ಶಾಲೆ, ಕ್ರೀಡೆ, ಪ್ರೀತಿ ಮೂರನ್ನೂ ಕಟ್ಟಿದ ದೊಡ್ಡ ಮಾದರಿ 1994ರಲ್ಲಿ ಕೊನಾಮಿ ಕಂಪನಿ ತಂದ ಟೋಕಿಮೆಕಿ ಮೆಮೋರಿಯಲ್. ಅದರಲ್ಲಿ ಮೂರು ವರ್ಷದ ಹೈಸ್ಕೂಲು ಜೀವನವನ್ನು ವಾರ ವಾರಕ್ಕೂ ನೀವೇ ಯೋಜಿಸಬೇಕು. ಓದಬೇಕಾ, ಮೈದಾನಕ್ಕೆ ಹೋಗಬೇಕಾ, ಯಾರ ಜೊತೆ ಸಮಯ ಕಳೆಯಬೇಕು. ಒಬ್ಬಳನ್ನು ತುಂಬಾ ದಿನ ಕಡೆಗಣಿಸಿದರೆ ಅವಳ ಹೆಸರಿನ ಹತ್ತಿರ ಬಾಂಬಿನ ಚಿಹ್ನೆ ಬರುತ್ತದೆ. ಅದು ಸಿಡಿದರೆ ಉಳಿದವರ ಮನಸ್ಸೂ ನಿಮ್ಮಿಂದ ದೂರವಾಗುತ್ತದೆ. ಆ ಲೆಕ್ಕಾಚಾರ ನನಗೆ ಇಂದಿಗೂ ಇಷ್ಟ.

ಆದರೆ ಈ ಬಗೆಯ ಎಷ್ಟೋ ಆಟಗಳಲ್ಲಿ ನನಗೆ ಒಂದು ಕೊರತೆ ಕಾಣುತ್ತದೆ. ಕ್ರೀಡೆ ಬರೀ ಹಿನ್ನೆಲೆ. ಪಂದ್ಯ ಎರಡು ಸಾಲಿನಲ್ಲಿ ಮುಗಿಯುತ್ತದೆ, ಪ್ರೀತಿ ಕ್ಯಾಂಟೀನಿನಲ್ಲಿ ನಡೆಯುತ್ತದೆ. ಮೈದಾನದಲ್ಲಿ ಹುಟ್ಟಿದ ಪ್ರೀತಿಯನ್ನು ಮೈದಾನದಲ್ಲೇ, ಆಟದ ನಿಯಮದ ಒಳಗೇ ಹೇಳಬೇಕು ಅನ್ನುವುದು ನನ್ನ ಹಟ. ಕೆಳಗಿನ ಹೆಜ್ಜೆಗಳನ್ನೆಲ್ಲ ಆ ಹಟ ಇಟ್ಟುಕೊಂಡೇ ಓದಿ.

ಹೆಜ್ಜೆ 1: ಕಂಪ್ಯೂಟರ್ ತೆರೆಯಬೇಡಿ, ಕ್ರೀಡೆ ಆರಿಸಿ

ಒಂದು ನೋಟ್‌ಬುಕ್ ಸಾಕು. ನಿಮಗೆ ಮೈಯಲ್ಲಿ ಗೊತ್ತಿರುವ ಕ್ರೀಡೆಯನ್ನೇ ತೆಗೆದುಕೊಳ್ಳಿ. ಕಬಡ್ಡಿ ಆಡಿದ್ದರೆ ಕಬಡ್ಡಿ, ಊರಿನ ವಾಲಿಬಾಲ್ ತಂಡದಲ್ಲಿ ಇದ್ದಿದ್ದರೆ ವಾಲಿಬಾಲ್. ನೋಡಿ ಗೊತ್ತಿರುವುದಕ್ಕೂ ಆಡಿ ಗೊತ್ತಿರುವುದಕ್ಕೂ ವ್ಯತ್ಯಾಸ ಇದೆ. ಓದುಗರಿಗೆ ಅದು ಮೂರನೇ ಸಾಲಿಗೇ ಗೊತ್ತಾಗುತ್ತದೆ.

ನಾನು ಖೋ ಖೋ ಆರಿಸಿದೆ. ನಿಯಮ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ, ಮುಂದೆ ಇದೇ ಬೇಕಾಗುತ್ತದೆ. ಬೆನ್ನಟ್ಟುವ ತಂಡದ ಎಂಟು ಜನ ಎರಡು ಕಂಬಗಳ ನಡುವೆ ಸಾಲಾಗಿ ಕೂರುತ್ತಾರೆ. ಒಬ್ಬರು ಈ ಕಡೆ ಮುಖ, ಪಕ್ಕದವರು ಆ ಕಡೆ ಮುಖ. ಒಂಬತ್ತನೆಯವರು ಓಡಿ ಹಿಡಿಯುವವರು. ಎದುರು ತಂಡದ ಓಟಗಾರರು ಮೂರು ಮೂರು ಜನರಾಗಿ ಒಳಗೆ ಬರುತ್ತಾರೆ, ಕೂತವರ ನಡುವೆ ಎಲ್ಲಿ ಬೇಕಾದರೂ ನುಸುಳುತ್ತಾರೆ. ಹಿಡಿಯುವವರಿಗೆ ಆ ಸ್ವಾತಂತ್ರ್ಯ ಇಲ್ಲ. ನಡುವಿನ ಸಾಲು ದಾಟುವ ಹಾಗಿಲ್ಲ. ಒಂದು ದಿಕ್ಕು ಹಿಡಿದರೆ ಕಂಬ ಮುಟ್ಟುವ ತನಕ ಹಿಂದಿರುಗುವ ಹಾಗಿಲ್ಲ. ಅಥವಾ ಕೂತಿರುವ ಒಬ್ಬರ ಬೆನ್ನು ಮುಟ್ಟಿ ಜೋರಾಗಿ 'ಖೋ' ಅನ್ನಬೇಕು. ಆಗ ಅವರು ಎದ್ದು ಓಡುತ್ತಾರೆ, ನೀವು ಅವರ ಜಾಗದಲ್ಲಿ ಕೂರುತ್ತೀರಿ. ಒಂದು ಸರದಿಗೆ 9 ನಿಮಿಷ.

ಈಗ ನೋಡಿ. ಬೆನ್ನು ಕಾಣುವವರಿಗೆ ಮಾತ್ರ ಖೋ ಕೊಡಬಹುದು. ಎಂಟರಲ್ಲಿ ನಾಲ್ಕು ಜನ. ನೀವು ಓಡುತ್ತಾ ಹೋದಂತೆ ಹಿಂದೆ ಬಿಟ್ಟವರಿಗೆ ಕೊಡುವ ಹಾಗಿಲ್ಲ. ನಾಲ್ಕು ಮೂರಾಗುತ್ತದೆ, ಎರಡಾಗುತ್ತದೆ, ಕೊನೆಗೆ ಒಂದೇ. ಅವರ ಮುಖ ನಿಮಗೆ ಕಾಣುವುದಿಲ್ಲ, ನೀವು ಬರುತ್ತಿರುವುದು ಅವರಿಗೆ ಕಾಣುವುದಿಲ್ಲ. ಬರೀ ನಂಬಿಕೆಯ ಮೇಲೆ ಬೆನ್ನು ಮುಟ್ಟಿ ಕೂಗುವುದು. ವಿಶುವಲ್ ನಾವೆಲ್‌ಗೆ ಬೇಕಾದ ಆಯ್ಕೆಯ ಮೆನು ಈ ಆಟದೊಳಗೆ ಮೊದಲೇ ಇದೆ! ಇದು ಹೊಳೆದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು, ಭಾರತದ ಪುರುಷರ ತಂಡ, ಮಹಿಳೆಯರ ತಂಡ ಎರಡೂ ಕಪ್ ಗೆದ್ದವು. ಆ ಪಂದ್ಯಗಳನ್ನು ಪೆನ್ನು ಹಿಡಿದುಕೊಂಡು ನೋಡಿ. ಓಟಗಾರರು ಎಲ್ಲಿ ಒಂದು ಕ್ಷಣ ನಿಲ್ಲುತ್ತಾರೆ, ಹಿಡಿಯುವವರು ಎಲ್ಲಿ ಡೈವ್ ಹೊಡೆಯುತ್ತಾರೆ, ಕೂತವರು ಏನು ಕೂಗುತ್ತಾರೆ ಅಂತ ಬರೆದುಕೊಳ್ಳಿ. ನಿಮ್ಮ ದೃಶ್ಯಗಳಿಗೆ ಅದೇ ಸರಕು.

ಹೆಜ್ಜೆ 2: ಪಾತ್ರಗಳು, ವಯಸ್ಸು, ಮತ್ತು 'ಅಣ್ಣ' ಅನ್ನುವ ಒಂದು ಪದ

ಮೊದಲು ವಯಸ್ಸಿನ ವಿಷಯ. ಪ್ರೀತಿಯ ದಾರಿಗೆ ಬರುವ ಪಾತ್ರಗಳೆಲ್ಲ ಹದಿನೆಂಟು ದಾಟಿದವರೇ ಆಗಿರಲಿ. ನನ್ನ ಕಥೆಯನ್ನು ಮೊದಲು ಹೈಸ್ಕೂಲಿನಲ್ಲಿ ಇಟ್ಟಿದ್ದೆ, ಆಮೇಲೆ ಡಿಗ್ರಿ ಎರಡನೇ ವರ್ಷಕ್ಕೆ ತಂದೆ. ಕಥೆಗೂ ಅದರಿಂದ ಒಳ್ಳೆಯದೇ ಆಯಿತು. ಬಸ್ ಪಾಸು, ಮನೆ ಖರ್ಚು, ಮುಂದೆ ದೈಹಿಕ ಶಿಕ್ಷಣದ ಬಿ.ಪಿ.ಎಡ್ ಮಾಡಬೇಕಾ ಕೆಲಸಕ್ಕೆ ಹೋಗಬೇಕಾ ಅನ್ನುವ ಚಿಂತೆ, ಇವೆಲ್ಲ ಒಳಗೆ ಬಂದವು. ಹೈಸ್ಕೂಲಿನ ಕಥೆಯೇ ಬೇಕು ಅಂದರೆ ಅದನ್ನು ಸ್ನೇಹದ ಕಥೆಯಾಗಿ, ತಂಡದ ಕಥೆಯಾಗಿ ಬರೆಯಿರಿ. ಅದೂ ಚೆನ್ನಾಗಿಯೇ ಇರುತ್ತದೆ.

ಪ್ರೀತಿಯ ದಾರಿ ಮೂರಕ್ಕಿಂತ ಜಾಸ್ತಿ ಬೇಡ. ನನ್ನ ನಾಯಕಿ ಭೂಮಿಕಾ, ಹುಡುಗಿಯರ ತಂಡದವಳು. ಲೋಹಿತ್ ಹುಡುಗರ ತಂಡದ ಕ್ಯಾಪ್ಟನ್, ಒಂದು ವರ್ಷ ಸೀನಿಯರ್. ಮಂಜು ಹಳ್ಳಿಯಿಂದ ಬಸ್ಸಿನಲ್ಲಿ ಬರುವವನು, ಮನೆಯಲ್ಲಿ ಆಲೂಗಡ್ಡೆ ಬೆಳೆಯುತ್ತಾರೆ. ಇಮ್ರಾನ್ ಆಡುವವನಲ್ಲ, ಸ್ಟಾಪ್‌ವಾಚ್ ಮತ್ತು ಸ್ಕೋರ್ ಪುಸ್ತಕ ಅವನ ಕೈಯಲ್ಲಿ. ಪಂದ್ಯದಲ್ಲಿ ಹುಡುಗ ಹುಡುಗಿಯರು ಬೇರೆ ಬೇರೆ ತಂಡ. ಹಾಗಾಗಿ ಕಾಲೇಜಿನ ಆಟದ ಮೇಷ್ಟ್ರು ಪಿ.ಡಿ. ಸರ್ ವಾರಕ್ಕೆ ಎರಡು ದಿನ ಎರಡೂ ತಂಡ ಕಲೆಸಿ ಪ್ರಾಕ್ಟೀಸ್ ಮಾಡಿಸುತ್ತಾರೆ ಅಂತ ಇಟ್ಟುಕೊಂಡೆ. ಖೋ ಕೊಡುವ ದೃಶ್ಯಗಳು ಅಲ್ಲಿ ಬರುತ್ತವೆ.

ಪ್ರತಿ ಪಾತ್ರಕ್ಕೂ ಎರಡು ವಿಷಯ ಬರೆದುಕೊಳ್ಳಿ: ಮೈದಾನದಲ್ಲಿ ಅವರ ದೋಷ ಏನು, ಆ ದೋಷ ಮನೆಯಿಂದ ಬಂದದ್ದು ಹೇಗೆ. ಲೋಹಿತ್ ಯಾರಿಗೂ ಖೋ ಕೊಡದೆ ತಾನೇ ಕೊನೆಯ ತನಕ ಓಡುತ್ತಾನೆ, ಯಾಕೆಂದರೆ ಮನೆಯಲ್ಲೂ ಎಲ್ಲ ಅವನ ತಲೆಯ ಮೇಲೇ ಇದೆ. ಮಂಜು ಎದ್ದೇಳುವುದು ಅರ್ಧ ಕ್ಷಣ ತಡ, ಯಾಕೆಂದರೆ ನಿದ್ದೆ ಸಾಲದು. ಇಷ್ಟು ಇದ್ದರೆ ಸಾಕು, ಉಳಿದ ಸಂಭಾಷಣೆ ತಾನಾಗಿಯೇ ಬರುತ್ತದೆ.

ಇನ್ನು ಸಂಬೋಧನೆ. ಕಾಲೇಜಿನಲ್ಲಿ ಸೀನಿಯರ್ ಹುಡುಗನನ್ನು ಒಂದು ಸಲ 'ಅಣ್ಣ' ಅಂತ ಕರೆದರೆ ಆ ಕಥೆ ಅಲ್ಲಿಗೆ ಮುಗಿಯಿತು, ಇದು ನಮ್ಮೆಲ್ಲರಿಗೂ ಗೊತ್ತು. ಆದ್ದರಿಂದ ನನ್ನ ಆಟದ ಮೊದಲ ಆಯ್ಕೆಯೇ ಅದು. ಲೋಹಿತ್ ಮೊದಲ ದಿನ ನೀರಿನ ಬಾಟಲಿ ಕೊಡುತ್ತಾನೆ. 'ಥ್ಯಾಂಕ್ಸ್ ಅಣ್ಣ' ಅನ್ನಬಹುದು, ಸುಮ್ನೆ 'ಥ್ಯಾಂಕ್ಸ್' ಅನ್ನಬಹುದು. ಅಣ್ಣ ಅಂದರೆ ಆ ದಾರಿ ಮುಚ್ಚಿತು, ಬದಲಿಗೆ ಒಳ್ಳೆಯ ಅಣ್ಣ ತಂಗಿ ಕಥೆ ತೆರೆದುಕೊಳ್ಳುತ್ತದೆ. ಆಡುವವರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಹೆಜ್ಜೆ 3: ಸಲುಗೆ ಮತ್ತು ದಮ್ಮು

ಈ ಆಟಗಳಲ್ಲಿ ಪ್ರತಿ ಪಾತ್ರಕ್ಕೂ ಒಂದು ಗುಪ್ತ ಅಂಕ ಇರುತ್ತದೆ. ನೀವು ಒಳ್ಳೆಯ ಮಾತಾಡಿದರೆ ಒಂದು ಏರುತ್ತದೆ, ಮನಸ್ಸು ನೋಯಿಸಿದರೆ ಇಳಿಯುತ್ತದೆ. ನಾನು ಅದಕ್ಕೆ ಸಲುಗೆ ಅಂತ ಹೆಸರಿಟ್ಟೆ. ಮೂರು ಜನಕ್ಕೆ ಮೂರು ಸಲುಗೆ. ಇನ್ನೊಂದು ಅಂಕ ನಾಯಕಿಯ ದಮ್ಮು, ಪ್ರಾಕ್ಟೀಸಿಗೆ ಹೋದರೆ ಏರುತ್ತದೆ, ತಪ್ಪಿಸಿದರೆ ಇಳಿಯುತ್ತದೆ. ನಾಲ್ಕೇ ಅಂಕ. ಇಪ್ಪತ್ತು ಅಂಕ ಇಟ್ಟುಕೊಂಡರೆ ನಿಮಗೇ ಲೆಕ್ಕ ತಪ್ಪುತ್ತದೆ.

ಕೆಲವು ಆಟಗಳಲ್ಲಿ ಸಲುಗೆ ಎಷ್ಟಿದೆ ಅಂತ ಪರದೆಯ ಮೇಲೆ ಹೃದಯದ ಚಿತ್ರ ಹಾಕಿ ತೋರಿಸುತ್ತಾರೆ. ಕನ್ನಡಕ್ಕೆ ಅದು ಬೇಡವೇ ಬೇಡ. ನಮ್ಮ ಮಾತಿನಲ್ಲೇ ಅದು ಕಾಣುತ್ತದೆ. ಮೊದಲ ವಾರ ಮಂಜು ಕೇಳುತ್ತಾನೆ: 'ನೀವು ನಾಳೆ ಬರ್ತೀರಾ?' ಸಲುಗೆ ಸ್ವಲ್ಪ ಏರಿದಾಗ 'ನೀವು' ಅನ್ನಲು ದೂರ ಅನಿಸುತ್ತದೆ, 'ನೀನು' ಅನ್ನಲು ಧೈರ್ಯ ಇಲ್ಲ. ಆಗ ಏನು ಮಾಡುತ್ತೇವೆ ಹೇಳಿ? ಎರಡನ್ನೂ ತಪ್ಪಿಸಿ ಮಾತಾಡುತ್ತೇವೆ. 'ನಾಳೆ ಪ್ರಾಕ್ಟೀಸ್ ಇದೆ ಅಲ್ವಾ?' ಅಂತ. 'ಊಟ ಆಯ್ತಾ?' ಅಂತ. ಆ ಹಂತವೇ ಅತ್ಯಂತ ಸಿಹಿಯಾದದ್ದು, ಅದನ್ನು ಬೇಗ ಮುಗಿಸಬೇಡಿ, ನಾಲ್ಕೈದು ದೃಶ್ಯ ಎಳೆಯಿರಿ. ಆಮೇಲೆ ಒಂದು ದಿನ, ಮಳೆ ಬಂದು ಎಲ್ಲರೂ ಗ್ಯಾಲರಿ ಕೆಳಗೆ ಓಡುವಾಗ, ಅವನ ಬಾಯಿಂದ ಬಂದುಬಿಡುತ್ತದೆ: 'ನೆನೀತಾ ಇದೀಯ, ಈ ಕಡೆ ಬಾ.' ಇಬ್ಬರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಹೃದಯದ ಚಿತ್ರ ಹಾಕಿ ಇದನ್ನು ಹೇಳಲು ಆಗುತ್ತದಾ?

ಜಗಳವಾದರೆ ಇದರ ಉಲ್ಟಾ. 'ನೀನು' ಅನ್ನುತ್ತಿದ್ದವಳು ತಣ್ಣಗೆ 'ನೀವೇ ನೋಡ್ಕೊಳ್ಳಿ' ಅಂದರೆ ಸಾಕು, ಆಡುವವರ ಎದೆ ಧಸಕ್ ಅನ್ನುತ್ತದೆ.

ಇಲ್ಲಿ ಒಂದು ತಾಂತ್ರಿಕ ಎಚ್ಚರಿಕೆ. ಇಂಗ್ಲಿಷಿನಲ್ಲಿ ಮಾಡಿದ ಮಾರ್ಗದರ್ಶಿಗಳು ಆಡುವವರಿಂದಲೇ ನಾಯಕನ ಹೆಸರು ಟೈಪ್ ಮಾಡಿಸಿ, ಗಂಡೋ ಹೆಣ್ಣೋ ಅಂತಲೂ ಕೇಳಿ, ಆ ಪದಗಳನ್ನು ವಾಕ್ಯದ ನಡುವೆ ತುಂಬಿಸಲು ಹೇಳುತ್ತವೆ. ಕನ್ನಡದಲ್ಲಿ ಹಾಗೆ ಮಾಡಿದರೆ ಪೆಟ್ಟು ತಿನ್ನುತ್ತೀರಿ. ಭೂಮಿಕಾ ಆದರೆ 'ಭೂಮಿಕಾಗೆ', ಲೋಹಿತ್ ಆದರೆ 'ಲೋಹಿತ್‌ಗೆ' ಅಥವಾ 'ಲೋಹಿತನಿಗೆ', ಮಂಜು ಆದರೆ 'ಮಂಜುಗೆ' ಅಥವಾ 'ಮಂಜುವಿಗೆ'. ಬಂದನು, ಬಂದಳು ಅಂತ ಕ್ರಿಯಾಪದವೂ ಬದಲಾಗುತ್ತದೆ. ನೀವು, ನೀನು ಬದಲಿಸಿದರೆ ಬರ್ತೀರಾ, ಬರ್ತೀಯಾ ಕೂಡ ಬದಲಾಗಬೇಕು. ಹಾಗಾಗಿ ಹೆಸರು, ಲಿಂಗ ನೀವೇ ನಿಗದಿ ಮಾಡಿಬಿಡಿ. ಸಲುಗೆ ಬದಲಾಗುವ ಕಡೆ ಇಡೀ ವಾಕ್ಯವನ್ನೇ ಎರಡು ಸಲ ಬರೆಯಿರಿ. ಕೆಲಸ ಜಾಸ್ತಿ, ಆದರೆ ಬೇರೆ ದಾರಿ ಇಲ್ಲ.

ಹೆಜ್ಜೆ 4: ಹಾಸನದ ಕ್ಯಾಲೆಂಡರ್

ಕಥೆಯನ್ನು ತಿಂಗಳುಗಳ ಮೇಲೆ ಹರಡಿ. ನನ್ನದು ಜುಲೈನಲ್ಲಿ ಶುರುವಾಗಿ ಡಿಸೆಂಬರಿನ ಅಂತರ ಕಾಲೇಜು ಪಂದ್ಯಕ್ಕೆ ಮುಗಿಯುತ್ತದೆ, ಮಾರ್ಚಿನಲ್ಲಿ ಒಂದು ಕೊನೆಯ ದೃಶ್ಯ. ಊರಿನ ಕಾಲಮಾನವೇ ಕಥೆಗೆ ಕೈ ಹಿಡಿಯುತ್ತದೆ.

ಹಾಸನದ ಕಡೆ ಮುಂಗಾರಿನ ಆಲೂಗಡ್ಡೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕೀಳಲು ಬರುತ್ತದೆ. ಮಂಜು ಆಗ ಒಂದು ವಾರ ಪ್ರಾಕ್ಟೀಸಿಗೆ ಬರುವುದಿಲ್ಲ, ಫೋನೂ ತೆಗೆಯುವುದಿಲ್ಲ. ತಂಡದಿಂದ ಅವನನ್ನು ಕೈಬಿಡುವ ಮಾತು ಬರುತ್ತದೆ. ಭೂಮಿಕಾ ಅವನ ಪರ ಮಾತಾಡಬೇಕಾ, ಸುಮ್ಮನಿರಬೇಕಾ, ಇಲ್ಲ ಭಾನುವಾರ ಬಸ್ಸು ಹತ್ತಿ ಅವನ ಊರಿಗೇ ಹೋಗಿ ಹೊಲದಲ್ಲಿ ಒಂದು ಸಾಲು ಕೀಳಬೇಕಾ? ಇದು ನನ್ನ ಆಟದ ಅತ್ಯುತ್ತಮ ಆಯ್ಕೆ ಅಂತ ಆಡಿದವರೆಲ್ಲ ಹೇಳಿದ್ದಾರೆ.

ಆಮೇಲೆ ಹಾಸನಾಂಬೆ. ದೇವಸ್ಥಾನದ ಬಾಗಿಲು ವರ್ಷಕ್ಕೆ ಒಂದೇ ಸಲ, ದೀಪಾವಳಿಯ ಆಸುಪಾಸಿನ ಕೆಲವೇ ದಿನ ತೆರೆಯುತ್ತದೆ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲ, ಹೂವು ಬಾಡಿರುವುದಿಲ್ಲ ಅನ್ನುವುದು ನಂಬಿಕೆ. ವರ್ಷಕ್ಕೆ ಒಂದೇ ಸಲ ತೆರೆಯುವ ಬಾಗಿಲು ಅಂದರೆ ಒಂದೇ ಸಲ ಸಿಗುವ ದೃಶ್ಯ. ದರ್ಶನದ ಉದ್ದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು, ನಿಂತರೆ ಮಾತಾಡಲೇಬೇಕು. ಸಲುಗೆ ಸಾಕಷ್ಟು ಏರಿದ್ದರೆ ಮಾತ್ರ ಆ ಸಾಲಿನಲ್ಲಿ ಅವನು ನಿಮ್ಮ ಹಿಂದೆ ನಿಂತಿರುತ್ತಾನೆ. ಆ ದಿನ ನೀವು ಹೆಚ್ಚುವರಿ ಪ್ರಾಕ್ಟೀಸ್ ಆರಿಸಿದ್ದರೆ ಬಾಗಿಲು ಮುಚ್ಚಿತು, ಮತ್ತೆ ಮುಂದಿನ ವರ್ಷವೇ.

ಶೆಟ್ಟಿಹಳ್ಳಿಯ ಹಳೆಯ ಚರ್ಚ್ ಕೂಡ ಹಾಗೆಯೇ. ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ಗೋಡೆಗಳು ಅರ್ಧ ನೀರಿನೊಳಗೆ, ಬೇಸಿಗೆಯಲ್ಲಿ ನೀರು ಇಳಿದಾಗ ಒಳಗೇ ನಡೆದು ಹೋಗಬಹುದು. ಮಳೆಗಾಲದಲ್ಲಿ ಇಡೀ ತಂಡ ದಡದಲ್ಲಿ ನಿಂತು ನೋಡುವ ದೃಶ್ಯ ಒಂದು, ಮಾರ್ಚಿನಲ್ಲಿ ಇಬ್ಬರೇ ಒಳಗೆ ನಿಲ್ಲುವ ದೃಶ್ಯ ಇನ್ನೊಂದು. ಒಂದೇ ಜಾಗ, ಎರಡು ಚಿತ್ರ, ನಡುವೆ ಎಂಟು ತಿಂಗಳು. ಮಾತು ಕಡಿಮೆ ಸಾಕಾಗುತ್ತದೆ.

ಮಹಾರಾಜ ಪಾರ್ಕ್, ಎನ್.ಆರ್. ವೃತ್ತ, ಬಸ್ ನಿಲ್ದಾಣ ಎಲ್ಲ ಬರಲಿ. ಬೇಲೂರು ಹಳೇಬೀಡನ್ನು ಮಾತ್ರ ಟೂರಿಸ್ಟ್ ಥರ ತೋರಿಸಲು ಹೋಗಬೇಡಿ, ಊರಿನವರು ಅಲ್ಲಿಗೆ ಹೋಗುವುದು ನೆಂಟರು ಬಂದಾಗ ತಾನೆ.

ಹೆಜ್ಜೆ 5: ಕವಲೊಡೆಯಿರಿ, ಮತ್ತೆ ಸೇರಿಸಿ

ಮೂರು ಉತ್ತರ ಇರುವ ಐದು ಆಯ್ಕೆ ಇಟ್ಟು, ಪ್ರತಿಯೊಂದಕ್ಕೂ ಬೇರೆಯೇ ಕಥೆ ಬರೆಯಲು ಹೊರಟರೆ 243 ಕಥೆ ಆಗುತ್ತದೆ. ಯಾರ ಕೈಲೂ ಆಗುವುದಿಲ್ಲ. ಆದ್ದರಿಂದ ಪ್ರತಿ ಆಯ್ಕೆಗೆ ಎಂಟು ಹತ್ತು ಸಾಲು ಬೇರೆ ಬರೆದು, ಮತ್ತೆ ಒಂದೇ ದಾರಿಗೆ ತನ್ನಿ. ವ್ಯತ್ಯಾಸ ಸಲುಗೆಯ ಅಂಕದಲ್ಲಿ ಉಳಿಯುತ್ತದೆ. ಹಾಸನಾಂಬೆಯ ದೃಶ್ಯದ ತನಕ ಎಲ್ಲರಿಗೂ ಒಂದೇ ಕಥೆ, ಅಲ್ಲಿಂದ ಮುಂದೆ ಯಾರ ಸಲುಗೆ ಹೆಚ್ಚಿದೆಯೋ ಅವರ ದಾರಿ. ಯಾರದ್ದೂ ಹೆಚ್ಚಿಲ್ಲ ಅಂದರೆ ತಂಡದ ಗೆಳತಿಯರ ದಾರಿ. ದಯವಿಟ್ಟು ಇದನ್ನು ಸೋತ ಮುಕ್ತಾಯದ ಥರ ಬರೆಯಬೇಡಿ, ಪ್ರೀತಿ ಸಿಗದೆ ಪಂದ್ಯ ಗೆದ್ದವಳ ಸಂತೋಷವೂ ಪೂರ್ತಿ ಸಂತೋಷವೇ.

ಹೆಜ್ಜೆ 6: ರೆನ್‌ಪೈ ಹಾಕಿಕೊಳ್ಳಿ, ಕನ್ನಡ ಸರಿ ಮಾಡಿಕೊಳ್ಳಿ

ಇಂಥ ಆಟ ಕಟ್ಟುವ ಸಾಫ್ಟ್‌ವೇರ್ ಹೆಸರು ರೆನ್‌ಪೈ (Ren'Py). ಜಪಾನಿ ಭಾಷೆಯಲ್ಲಿ ರೆನ್ಆಯ್ ಅಂದರೆ ಪ್ರೇಮ, ಅದಕ್ಕೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಹೆಸರು ಸೇರಿಸಿ ಆದ ಹೆಸರು. ಟಾಮ್ ರಾಥಮೆಲ್ ಅನ್ನುವವರು 2004ರಲ್ಲಿ ಮೊದಲು ಬಿಡುಗಡೆ ಮಾಡಿದರು. ಉಚಿತ, ಮುಕ್ತ ತಂತ್ರಾಂಶ, ಮಾಡಿದ ಆಟವನ್ನು ಮಾರಿದರೂ ಹಣ ಕೊಡಬೇಕಿಲ್ಲ. ಸಾಧಾರಣ ಲ್ಯಾಪ್‌ಟಾಪ್ ಸಾಕು.

8.2 ಅಥವಾ ಅದರ ನಂತರದ ಆವೃತ್ತಿಯನ್ನೇ ಇಳಿಸಿಕೊಳ್ಳಿ. ಅದರಿಂದ ಈಚೆಗೆ ಹಾರ್ಫ್‌ಬಜ್ ಅನ್ನುವ ವ್ಯವಸ್ಥೆ ಬಂದಿದೆ, ಅದು ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ. ಹಳೆಯ ಆವೃತ್ತಿಯಲ್ಲಿ 'ಲಕ್ಷ್ಮಿ' ಅಂತ ಬರೆದರೆ ಅಕ್ಷರಗಳು ಒಂದೊಂದು ಕಡೆ ಚೆದುರುತ್ತವೆ.

ರೆನ್‌ಪೈ ತೆರೆದಾಗ ಮೊದಲು ಬರುವ ಕಿಟಕಿಯೇ ಲಾಂಚರ್, ಅಲ್ಲಿ ಹೊಸ ಪ್ರಾಜೆಕ್ಟ್ ಶುರು ಮಾಡಿ. ಪ್ರಾಜೆಕ್ಟಿನ ಹೆಸರು, ಫೈಲುಗಳ ಹೆಸರು, ಅಂಕಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಪರದೆಯ ಮೇಲೆ ಕಾಣುವ ಮಾತು ಮಾತ್ರ ಕನ್ನಡ. ಮೊದಲು ಓಡಿಸಿದಾಗ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಕಾಣುತ್ತವೆ, ಗಾಬರಿಯಾಗಬೇಡಿ, ಅದರ ಜೊತೆ ಬರುವ ಫಾಂಟಿನಲ್ಲಿ ಕನ್ನಡ ಇಲ್ಲ. ನೋಟೋ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ. ಆ ಫಾಂಟ್ ಫೈಲನ್ನು ಗೇಮ್ ಫೋಲ್ಡರಿಗೆ ಹಾಕಿ. ಜಿಯುಐ (gui.rpy) ಅನ್ನುವ ಫೈಲಿನಲ್ಲಿ ಫಾಂಟಿನ ಹೆಸರು ಮೂರು ಕಡೆ ಬರುತ್ತದೆ: ಮಾತಿಗೆ, ಪಾತ್ರದ ಹೆಸರಿಗೆ, ಬಟನ್ನುಗಳಿಗೆ. ಮೂರನ್ನೂ ಬದಲಿಸಿ. ಸಾಲುಗಳ ನಡುವಿನ ಅಂತರವನ್ನೂ ಸ್ವಲ್ಪ ಹೆಚ್ಚಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 'ಸ್ತ್ರೀ, ಸ್ವಾತಂತ್ರ್ಯ, ಸೂರ್ಯ, ಲಕ್ಷ್ಮಿ' ಅಂತ ಒಂದು ಸಾಲು ಬರೆದು ಪರೀಕ್ಷೆ ಮಾಡಿ. ಅದು ಸರಿ ಕಂಡರೆ ಎಲ್ಲ ಸರಿ.

ಕಥೆಯನ್ನು ಯೂನಿಕೋಡಿನಲ್ಲೇ, ಅಂದರೆ ಕಂಪ್ಯೂಟರ್ ಕನ್ನಡವನ್ನು ಕನ್ನಡ ಅಂತಲೇ ಗುರುತಿಸುವ ವಿಧಾನದಲ್ಲೇ ಟೈಪ್ ಮಾಡಿ. ಇದನ್ನು ನಾನು ನೋವಿನಿಂದ ಹೇಳುತ್ತಿದ್ದೇನೆ. ಕೈಬರಹದ ಮೊದಲ ಎಂಬತ್ತು ಪುಟ ಒಂದು ಡಿ.ಟಿ.ಪಿ. ಅಂಗಡಿಗೆ ಕೊಟ್ಟು ಟೈಪ್ ಮಾಡಿಸಿದ್ದೆ. ಅವರು ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ರೂಪ ಕೊಡುವ ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿ ಕೊಟ್ಟರು. ಕಾಗದದ ಮೇಲೆ ಚೆಂದ ಕಂಡಿತು, ರೆನ್‌ಪೈಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪರಿವರ್ತಕದಲ್ಲಿ ಹಾಕಿದೆ, ಅರ್ಧಂಬರ್ಧ ಬಂತು, ಕೊನೆಗೆ ಎಲ್ಲ ಮತ್ತೆ ಟೈಪ್ ಮಾಡಬೇಕಾಯಿತು. ಫೋನಿನ ಕನ್ನಡ ಕೀಬೋರ್ಡ್ ಯೂನಿಕೋಡೇ, ಬಸ್ಸಿನಲ್ಲಿ ಕೂತು ಅದರಲ್ಲೇ ಬರೆಯಬಹುದು.

ಕೋಡಿಂಗ್ ಬರುವುದಿಲ್ಲ ಅಂತ ಹಿಂಜರಿಯಬೇಡಿ. ನಿಜವಾಗಿ ಬೇಕಾಗುವ ಆದೇಶ ಐದಾರು ಮಾತ್ರ. ದೃಶ್ಯಕ್ಕೆ ಹೆಸರಿಡಲು ಲೇಬಲ್, ಹಿನ್ನೆಲೆ ಬದಲಿಸಲು ಸೀನ್, ಪಾತ್ರ ತೋರಿಸಲು ಶೋ, ಆಯ್ಕೆಗೆ ಮೆನು, ಬೇರೆ ದೃಶ್ಯಕ್ಕೆ ಹೋಗಲು ಜಂಪ್, ಅಂಕ ನೋಡಿ ದಾರಿ ಬದಲಿಸಲು ಇಫ್. ಸಾಲಿನ ಮೊದಲಿನ ಖಾಲಿ ಜಾಗ ಮಾತ್ರ ಎಚ್ಚರ. ಟ್ಯಾಬ್ ಒತ್ತಿದ ಅಕ್ಷರ ಅದಕ್ಕೆ ಆಗುವುದಿಲ್ಲ, ಸ್ಪೇಸೇ ಬೇಕು, ಸಾಮಾನ್ಯವಾಗಿ ನಾಲ್ಕು. ಲಾಂಚರಿನಲ್ಲೇ ಬರುವ ಮಾದರಿ ಆಟವನ್ನು ಒಂದು ಸಂಜೆ ಆಡಿ, ಅದರ ಕೋಡ್ ತೆರೆದು ನೋಡಿ.

ಹೆಜ್ಜೆ 7: ಪಂದ್ಯ ಬರೆಯುವುದು

ಇಡೀ ಆಟದ ಜೀವ ಇಲ್ಲಿದೆ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಎರಡೂ ತಂಡ ಕಲೆಸಿದ ಪ್ರಾಕ್ಟೀಸ್ ಪಂದ್ಯದಲ್ಲಿ ಭೂಮಿಕಾ ಹಿಡಿಯಲು ಓಡುತ್ತಿದ್ದಾಳೆ ಅಂತಿಟ್ಟುಕೊಳ್ಳಿ. ಎದುರಿಗೆ ನಾಲ್ಕು ಬೆನ್ನು: ಶ್ರುತಿ, ಮಂಜು, ಲೋಹಿತ್, ಕಂಬದ ಹತ್ತಿರ ಇನ್ನೊಬ್ಬಳು. ಮೆನುವಿನಲ್ಲಿ ಎರಡೇ ಆಯ್ಕೆ ಬರುತ್ತದೆ. 'ಶ್ರುತಿಗೆ ಖೋ' ಅಥವಾ 'ಇನ್ನೂ ಓಡು'. ಓಡು ಅಂದರೆ ಎರಡು ಸಾಲು ವಿವರಣೆ, ಆಮೇಲೆ 'ಮಂಜುಗೆ ಖೋ' ಅಥವಾ 'ಇನ್ನೂ ಓಡು'. ಶ್ರುತಿಯ ಹೆಸರು ಈಗ ಇಲ್ಲ, ಅವಳು ಹಿಂದೆ ಉಳಿದಳು. ಹೀಗೆ ಪ್ರತಿ ಹೆಜ್ಜೆಗೂ ಒಂದು ಹೆಸರು ಕಡಿಮೆಯಾಗುವುದನ್ನು ಆಡುವವರು ಕಣ್ಣಾರೆ ನೋಡಬೇಕು. ದಮ್ಮು ಕಡಿಮೆ ಇದ್ದರೆ ಎರಡನೇ ಬೆನ್ನಿಗೇ ಅವಳ ಕಾಲು ಸೋಲುತ್ತದೆ, ಮುಂದಿನ ಆಯ್ಕೆ ಕಾಣಿಸುವುದೇ ಇಲ್ಲ. ಬೆಳಿಗ್ಗೆ ಪ್ರಾಕ್ಟೀಸ್ ತಪ್ಪಿಸಿದ್ದು ಈಗ ಗೊತ್ತಾಗುತ್ತದೆ.

ಮೆನುವಿಗೆ ಒಂದು ಸಣ್ಣ ಟೈಮರ್ ಕೂರಿಸಬಹುದು. ನಾನು ನಾಲ್ಕು ಸೆಕೆಂಡ್ ಇಟ್ಟೆ, ಅದರೊಳಗೆ ಒತ್ತದಿದ್ದರೆ ಅವಳು ಓಡುತ್ತಲೇ ಇರುತ್ತಾಳೆ. ಆದ್ದರಿಂದ ಆಯ್ಕೆಯ ಪದಗಳು ಚಿಕ್ಕದಾಗಿರಬೇಕು. ಕನ್ನಡ ಪದಗಳು ಉದ್ದ, ನಾಲ್ಕು ಸೆಕೆಂಡಿನಲ್ಲಿ ಎರಡು ಉದ್ದ ವಾಕ್ಯ ಓದಿ ಯೋಚಿಸಲು ಆಗುವುದಿಲ್ಲ. ನಿಧಾನವಾಗಿ ಓದುವವರಿಗೆ ಟೈಮರ್ ಆರಿಸುವ ಸೌಲಭ್ಯವನ್ನೂ ಸೆಟ್ಟಿಂಗ್ಸ್‌ನಲ್ಲಿ ಇಡಿ, ಅದು ಅವರಿಗೆ ಸಲ್ಲಬೇಕಾದದ್ದು.

ರೆನ್‌ಪೈನಲ್ಲಿ ಮೌಸಿನ ಚಕ್ರ ತಿರುಗಿಸಿದರೆ ಕಥೆ ಹಿಂದಕ್ಕೆ ಹೋಗುತ್ತದೆ, ಆರಿಸಿದ್ದನ್ನು ಬದಲಿಸಬಹುದು. ಅದಕ್ಕೆ ರೋಲ್‌ಬ್ಯಾಕ್ ಅನ್ನುತ್ತಾರೆ. ಮಾತಿನ ದೃಶ್ಯಗಳಲ್ಲಿ ಅದು ಇರಲಿ. ಪಂದ್ಯದ ಒಳಗೆ ಮಾತ್ರ ನಾನು ಅದನ್ನು ತಡೆದೆ. ಖೋ ಖೋದಲ್ಲಿ ಹಿಂದಿರುಗುವ ಹಾಗಿಲ್ಲ ಅಲ್ವಾ.

ಈಗ ಪ್ರೀತಿ ಎಲ್ಲಿ ಬರುತ್ತದೆ? ಪಂದ್ಯದ ನಡುವೆ ಪ್ರೀತಿಯ ಮಾತು ಒಂದೂ ಬೇಡ. ಆ ಒಂದು ಆಯ್ಕೆಯ ಅರ್ಥವನ್ನು ಆಮೇಲಿನ ದೃಶ್ಯ ಹೇಳಲಿ. ಮಂಜುವಿನ ಪಾದ ಉಳುಕಿರುವುದು ಭೂಮಿಕಾಗೆ ಮಾತ್ರ ಗೊತ್ತು, ಹಿಂದಿನ ದಿನ ಅವನು ಬಸ್ಸಿನಿಂದ ಇಳಿಯುವಾಗ ನೋಡಿದ್ದಾಳೆ. ಆಡುವವರು ಅವನನ್ನು ಬಿಟ್ಟು ಮುಂದೆ ಓಡಿದರೆ, ಸಂಜೆ ನಲ್ಲಿಯ ಹತ್ತಿರ ಈ ಮಾತು:

'ನನ್ ಬೆನ್ನು ಕಾಣಿಸ್ಲಿಲ್ವಾ ನಿಂಗೆ?'

'ಕಾಣಿಸ್ತು. ಅದ್ಕೇ ಕೊಡ್ಲಿಲ್ಲ.'

ಅವನು ಕೈ ತೊಳೆಯುವುದನ್ನು ನಿಲ್ಲಿಸುತ್ತಾನೆ. ನೀರು ಹರಿಯುತ್ತಲೇ ಇರುತ್ತದೆ. ಅಷ್ಟೇ. ಸಲುಗೆ ಎರಡು ಏರಿತು.

ಅವನಿಗೇ ಖೋ ಕೊಟ್ಟಿದ್ದರೆ? ಅವನು ಎದ್ದು ಓಡುತ್ತಾನೆ, ಕುಂಟುತ್ತಲೇ ಒಬ್ಬರನ್ನು ಹಿಡಿಯುತ್ತಾನೆ, ಆಮೇಲೆ 'ಕೊಟ್ಟಿದ್ದು ಒಳ್ಳೇದಾಯ್ತು, ಎಲ್ರೂ ನನ್ನ ಬಿಟ್ಟೇ ಬಿಟ್ಟಿದ್ರು' ಅನ್ನುತ್ತಾನೆ. ಅದಕ್ಕೂ ಸಲುಗೆ ಎರಡು. ಕಾಳಜಿಯಿಂದ ಬಿಡುವುದೂ ಪ್ರೀತಿ, ನಂಬಿ ಕೊಡುವುದೂ ಪ್ರೀತಿ. ಒಂದು ಸರಿ ಉತ್ತರ, ಒಂದು ತಪ್ಪು ಉತ್ತರ ಅಂತ ಇಟ್ಟರೆ ಅದು ಪರೀಕ್ಷೆಯಾಗುತ್ತದೆ. ಎರಡೂ ಸರಿ ಇದ್ದು ಎರಡಕ್ಕೂ ಬೇರೆ ಬೇರೆ ಬೆಲೆ ಇರಬೇಕು. ಬಿಟ್ಟರೆ ಆ ಸರದಿಯಲ್ಲಿ ಒಂದು ಅಂಕ ಕಡಿಮೆ, ಕೊಟ್ಟರೆ ಅವನ ಪಾದ ಇನ್ನೊಂದು ವಾರ ಸರಿ ಹೋಗುವುದಿಲ್ಲ.

ಇಮ್ರಾನ್ ಕೂರುವ ಸಾಲಿನಲ್ಲೇ ಇಲ್ಲ, ಅವನಿಗೆ ಖೋ ಕೊಡಲು ಆಗುವುದಿಲ್ಲ. ಅವನ ದಾರಿಯನ್ನು ಸ್ಟಾಪ್‌ವಾಚಿನಲ್ಲಿ ಬರೆದೆ. ಭೂಮಿಕಾ ಓಟಗಾರ್ತಿಯಾಗಿ ಒಳಗಿದ್ದಾಗ ಸಮಯ ಕೂಗುವ ದನಿ ಅವನದು. ಮೊದಲ ಪಂದ್ಯದಲ್ಲಿ 'ಎರಡು ನಿಮಿಷ' ಅಂತ ಒಣಗಿದ ದನಿ. ಕೊನೆಯ ಪಂದ್ಯದಲ್ಲೂ ಅದೇ ಎರಡು ಪದ, ದನಿ ನಡುಗುತ್ತದೆ.

ಹೆಜ್ಜೆ 8: ಚಿತ್ರ, ಸದ್ದು

ಹಿನ್ನೆಲೆಗೆ ನೀವೇ ಫೋನಿನಲ್ಲಿ ಫೋಟೋ ತೆಗೆದು, ಅದರ ಮೇಲೆ ಬಣ್ಣ ಹಚ್ಚಿದ ಹಾಗೆ ತಿದ್ದಿಕೊಳ್ಳಿ. ಜನರ ಮುಖ ಬಂದರೆ ಅಳಿಸಿ. ಒಂದೇ ಜಾಗವನ್ನು ಬೆಳಿಗ್ಗೆ, ಸಂಜೆ, ಮಳೆಯಲ್ಲಿ ಮೂರು ಸಲ ತೆಗೆಯಿರಿ. ಪಾತ್ರಕ್ಕೆ ಒಂದು ಮೈ, ನಾಲ್ಕು ಮುಖಭಾವ ಸಾಕು. ಚಿತ್ರ ಬಿಡಿಸಲು ಬರದಿದ್ದರೆ ಗೊತ್ತಿರುವ ಚಿತ್ರ ಕಲಾವಿದರನ್ನು ಕೇಳಿ, ಹಣ ಕೊಟ್ಟು ಮಾಡಿಸಿ. ಸಿನಿಮಾ ಹಾಡು ಎತ್ತಿ ಹಾಕಬೇಡಿ. ಸದ್ದಿಗೆ ಮೈದಾನಕ್ಕೇ ಹೋಗಿ ರೆಕಾರ್ಡ್ ಮಾಡಿ: ವಿಷಲ್, ಮಣ್ಣಿನ ಮೇಲೆ ಬರಿಗಾಲಿನ ಓಟ, ಡೈವ್ ಹೊಡೆದಾಗ ಬರುವ ಧಪ್ ಸದ್ದು, ಮತ್ತೆ ಹತ್ತು ಬೇರೆ ಬೇರೆ ಗಂಟಲಿನಿಂದ 'ಖೋ'. ಪ್ರತಿ ಪಾತ್ರಕ್ಕೂ ಒಂದೊಂದು ಖೋ ಕೊಡಿ, ಉಳಿದ ಮಾತಿಗೆಲ್ಲ ದನಿ ಇಲ್ಲದಿದ್ದರೂ ಆಟಕ್ಕೆ ಜೀವ ಬರುತ್ತದೆ.

ಹೆಜ್ಜೆ 9: ಪರೀಕ್ಷೆ, ಬಿಡುಗಡೆ

ಲಾಂಚರಿನಲ್ಲಿ ಲಿಂಟ್ ಅನ್ನುವ ಪರೀಕ್ಷೆ ಇದೆ, ಕಾಣೆಯಾದ ಚಿತ್ರ, ಇಲ್ಲದ ಲೇಬಲ್ಲಿಗೆ ಹೋಗುವ ಜಂಪ್ ಎಲ್ಲ ಹಿಡಿದು ಕೊಡುತ್ತದೆ. ಆಮೇಲೆ ಮನುಷ್ಯರಿಗೆ ಕೊಡಿ. ಒಬ್ಬರು ಖೋ ಖೋ ಆಡಿದವರು, ಒಬ್ಬರು ಆಡದವರು, ಒಬ್ಬರು ಇಂಥ ಆಟವನ್ನೇ ನೋಡದವರು. ಪಕ್ಕದಲ್ಲಿ ಕೂತು ಬಾಯಿ ಬಿಡದೆ ನೋಡಿ. ಎಲ್ಲಿ ಓದದೆ ಬೇಗ ಬೇಗ ಒತ್ತುತ್ತಾರೋ ಅಲ್ಲಿ ಮಾತು ಜಾಸ್ತಿಯಾಗಿದೆ, ಕತ್ತರಿಸಿ.

ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಬ್ರೌಸರ್ ಎಲ್ಲದಕ್ಕೂ ರೆನ್‌ಪೈನಿಂದಲೇ ಆಟ ಕಟ್ಟಬಹುದು. ನಮ್ಮ ಜನ ಆಡುವುದು ಫೋನಿನಲ್ಲಿ, ಹಾಗಾಗಿ ಅಕ್ಷರ ದೊಡ್ಡದಿರಲಿ, ಬಟನ್ ಹೆಬ್ಬೆರಳಿಗೆ ಸಿಗುವಷ್ಟಿರಲಿ. ಇಚ್.ಐಒ (itch.io) ಅನ್ನುವ ತಾಣದಲ್ಲಿ ಉಚಿತವಾಗಿ ಇಡಬಹುದು, ಬ್ರೌಸರಿನಲ್ಲೇ ಆಡುವ ಹಾಗೆ ಕೂಡ. ಬಿಡುಗಡೆಯಾದ ಮೇಲೆ ತಿದ್ದುವುದಿದ್ದರೆ ಲೇಬಲ್ಲುಗಳ ಹೆಸರು ಮಾತ್ರ ಬದಲಿಸಬೇಡಿ, ಅರ್ಧ ಆಡಿ ಸೇವ್ ಮಾಡಿಟ್ಟವರಿಗೆ ತೊಂದರೆಯಾಗುತ್ತದೆ.

ನಾನು ಆಟ ಹಾಕಿದ ಮೂರನೇ ದಿನ ಹಳೆಯ ತಂಡದ ಗೆಳತಿಯೊಬ್ಬಳು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. ಕೊನೆಯ ಪಂದ್ಯದ ಚಿತ್ರದಲ್ಲಿ ಐದನೆಯವಳು, ಆರನೆಯವಳು ಇಬ್ಬರೂ ಒಂದೇ ಕಡೆ ಮುಖ ಮಾಡಿ ಕೂತಿದ್ದಾರೆ, ಯಾರು ಬರೆದಿದ್ದು ಇದನ್ನು, ಅಂತ ಬೈದಳು. ಆರನೆಯವಳನ್ನು ತಿರುಗಿಸಿ ಕೂರಿಸುವಷ್ಟರಲ್ಲಿ ಬೆಳಗಿನ ಜಾವ ಎರಡು ಗಂಟೆ ಆಗಿತ್ತು.